ಎಲುಬಿನ ಚಹಾ ಮತ್ತು ಐಸುಮ್ಮನ ಪಾತ್ರೆ

ಹಡಗಿನ ಕೆಲಸ ಮುಗಿಸಿ ಮಂಗಲ್ಪಾಡಿಯ ಮನೆಯಲ್ಲಿ ಕೂತ ಮೇಲೆ ನನಗೆ ಸಿಕ್ಕಿದ ಹೊಸ ಉದ್ಯೋಗವೆಂದರೆ ಹಳೆಯ ಡಬ್ಬಿಗಳ ಮುಚ್ಚಳ ತೆಗೆಯುವುದು, ಮೂಸಿ ನೋಡುವುದು, ಮತ್ತೆ ಮುಚ್ಚಿಡುವುದು. ನಿವೃತ್ತರಿಗೆ ಇದೊಂದು ಚಟ. ನಿಮ್ಮ ಮನೆಯಲ್ಲಿಯೂ ಅಂಥವರೊಬ್ಬರು ಇರಬಹುದು. ಇಲ್ಲವೆಂದಾದರೆ, ಬೇಸರ ಮಾಡಿಕೊಳ್ಳಬೇಡಿ, ಅದು ನೀವೇ ಇರಬಹುದು.

ಹೋದ ಮಳೆಗಾಲ ಮುಗಿದ ಹೊತ್ತಿಗೆ ಒಂದು ಶನಿವಾರ ಹಾಗೆ ತೆಗೆದದ್ದು ತುಕ್ಕು ಹಿಡಿದ ಒಂದು ಬಿಸ್ಕಿಟ್ ಡಬ್ಬಿ. ಒಳಗೆ ನನ್ನ ಹಡಗಿನ ಪುಸ್ತಕ, ನಿಂತುಹೋದ ಒಂದು ವಾಚು, ಬಿಳಿ ಪಿಂಗಾಣಿಯ ಒಂದು ಚಮಚ, ಮತ್ತೆ ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಚಕ್ರಮೊಗ್ಗು. ಬಿರಿಯಾನಿಗೆ ಹಾಕುತ್ತಾರಲ್ಲ, ಕಂದು ಬಣ್ಣದ ಎಂಟೆಸಳಿನದ್ದು, ಅದೇ. ನಾನು ಸಮುದ್ರ ಬಿಟ್ಟು ಎಷ್ಟೋ ವರ್ಷವಾದರೂ ಅದು ಪರಿಮಳ ಬಿಟ್ಟಿರಲಿಲ್ಲ. ಆ ಪರಿಮಳದ ಹಿಂದೆಯೇ ಲಿಮ್ ಅಂಕಲ್ ಬಂದು ನಿಂತ.

ಹಡಗಿನಲ್ಲಿ ಇದ್ದೆ ಎಂದರೆ ನಮ್ಮ ಕಡೆಯವರು ನನ್ನನ್ನು ಕ್ಯಾಪ್ಟನ್ ಎಂದೇ ತಿಳಿಯುತ್ತಾರೆ. ಮದುವೆಮನೆಗಳಲ್ಲಿ ಇದರಿಂದ ಉಪಯೋಗವಿದೆ, ಹಾಗಾಗಿ ನಾನು ತಿದ್ದಲು ಹೋಗುವುದಿಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಅಡುಗೆಕೋಣೆಯಲ್ಲಿ ಈರುಳ್ಳಿ ಸುಲಿಯುವವನಾಗಿ ಹತ್ತಿ, ಇಪ್ಪತ್ತೆರಡು ವರ್ಷ ಕಳೆದು ಎರಡನೇ ಅಡುಗೆಯವನಾಗಿ ಇಳಿದವನು ನಾನು. ಲಿಮ್ ಅಂಕಲ್ ನಮ್ಮ ಮೊದಲನೇ ಅಡುಗೆಯವ. ಮಲೇಷ್ಯಾದ ಚೀನೀ ಮನುಷ್ಯ, ಕುಳ್ಳ, ಮಾತು ಕಡಿಮೆ. ಚಳಿಯ ಸಮುದ್ರಕ್ಕೆ ಹೋದಾಗ ಬೆಳಿಗ್ಗೆ ಎದ್ದವನೇ ದೊಡ್ಡ ಪಾತ್ರೆಯಲ್ಲಿ ಹಂದಿಯ ಪಕ್ಕೆಲುಬು ಬೇಯಲು ಇಡುತ್ತಿದ್ದ. ಸಿಪ್ಪೆ ಸಮೇತ ಇಡೀ ಬೆಳ್ಳುಳ್ಳಿಯ ಗಡ್ಡೆಗಳು, ಜಜ್ಜಿದ ಒಳ್ಳೆಮೆಣಸಿನ ಕಾಳು, ಚಕ್ಕೆ, ಲವಂಗ, ಚಕ್ರಮೊಗ್ಗು, ಮೇಲಿನಿಂದ ಕಪ್ಪು ಸೋಯಾ ಸಾಸು. ಅಷ್ಟೆ. ಅರೆಯುವುದಿಲ್ಲ, ಹುರಿಯುವುದಿಲ್ಲ, ಒಗ್ಗರಣೆ ಇಲ್ಲ. ಎರಡು ಗಂಟೆ ಸಣ್ಣ ಉರಿಯಲ್ಲಿ ಕುದಿದರೆ ಮಾಂಸ ಎಲುಬಿನಿಂದ ತಾನಾಗಿ ಜಾರುತ್ತಿತ್ತು. ಅದರ ಹೆಸರು ಬಾಕ್ ಕುತ್ ತೇ. ಎಲುಬಿನ ಚಹಾ ಎಂದು ಅರ್ಥವಂತೆ. ಚಹಾ ಎಲ್ಲಿದೆ ಎಂದು ನಾನು ಕೇಳಿದಾಗ ಲಿಮ್ ಅಂಕಲ್ ನನ್ನ ಮುಖ ನೋಡಿ, "ನೀನು ಕುಡಿ" ಎಂದಷ್ಟೇ ಹೇಳಿದ್ದ.

ಅವನು ನನಗೆ ಕಲಿಸಿದ ದೊಡ್ಡ ಪಾಠ ಆ ಸೂಪಲ್ಲ. ಪಾತ್ರೆಯ ಹಿಡಿ. ನಮ್ಮ ಹಡಗಿನಲ್ಲಿ ಹಂದಿ ಮುಟ್ಟದ ಇಂಡೋನೇಷ್ಯಾದವರಿದ್ದರು, ದನ ಮುಟ್ಟದ ನನ್ನಂಥವರಿದ್ದರು, ಎರಡನ್ನೂ ಮುಟ್ಟದೆ ದಿನಾ ಮೊಟ್ಟೆಯಲ್ಲೇ ಕಾಲ ಕಳೆದ ಒಬ್ಬ ಎಂಜಿನಿಯರನೂ ಇದ್ದ. ಲಿಮ್ ಅಂಕಲ್ ಹಂದಿಯ ಪಾತ್ರೆಗಳ ಹಿಡಿಗೆ ಕೆಂಪು ಬಣ್ಣ ಬಳಿದಿದ್ದ, ಚಾಕು ಸೌಟುಗಳಿಗೂ ಅದೇ ಬಣ್ಣ. "ಮೊದಲು ಹಿಡಿ ನೋಡು, ಆಮೇಲೆ ಮಾಂಸ ನೋಡು" ಎಂಬುದು ಅವನ ಕಾನೂನು. ಬಿರುಗಾಳಿಗೆ ಹಡಗು ತೊಟ್ಟಿಲಿನಂತೆ ತೂಗುವಾಗಲೂ, ಜ್ವರದಲ್ಲಿ ಕಣ್ಣು ಮಂಜಾದಾಗಲೂ, ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ನಾನು ಪಾತ್ರೆ ತಪ್ಪಿದವನಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ಇದನ್ನು ನಾನು ಜಂಬಕ್ಕೆ ಹೇಳುತ್ತಿರುವುದಲ್ಲ. ಸ್ವಲ್ಪ ಜಂಬವೂ ಇದೆ.

ಮರುದಿನ ಭಾನುವಾರ. ನನ್ನ ಹೆಂಡತಿ ವಾರಿಜ ಬೆಳಗ್ಗಿನ ಬಸ್ಸಿಗೆ ಕುಂಬ್ಡಾಜೆಯ ತಂಗಿಯ ಮನೆಗೆ ಹೊರಟಿದ್ದಳು. ಸಂಜೆಗೆ ಬರುವವಳು.

"ಮಧ್ಯಾಹ್ನಕ್ಕೆ ಮೀನಿನ ಸಾರು ಉಂಟು, ಬಿಸಿ ಮಾಡಿ ಉಣ್ಣಿ. ಅಡುಗೆಮನೆಯಲ್ಲಿ ಎಂತದೂ ಹೊಸ ಪ್ರಯೋಗ ಬೇಡ" ಎಂದಳು.

"ಅಡುಗೆಮನೆಯೊಳಗೆ ಕಾಲೇ ಇಡುವುದಿಲ್ಲ" ಎಂದೆ. ಮಾತಿಗೆ ತಪ್ಪಲಿಲ್ಲ. ಅಡುಗೆ ಮಾಡಿದ್ದು ಹೊರಗೆ.

ಇಗರ್ಜಿಯ ಪಕ್ಕದ ಲಾರೆನ್ಸ್ ಪೊರ್ಬುಗಳ ಅಂಗಡಿಯಲ್ಲಿ ಭಾನುವಾರ ಮಾತ್ರ ಹಂದಿಯ ಮಾಂಸ ಸಿಗುತ್ತದೆ. ಪಕ್ಕೆಲುಬು ಬೇಕು ಎಂದಾಗ ಅವರು, "ಬಫಾತ್ ಮಾಡ್ಲಿಕ್ಕಾ?" ಎಂದು ಕೇಳಿದರು. ಇಗರ್ಜಿಯವರ ಖಾರದ ಹಂದಿ ಪದಾರ್ಥ ಅದು. ಅಲ್ಲ, ಸೂಪಿಗೆ ಎಂದೆ. ಅವರು ಕತ್ತಿ ಕೆಳಗಿಟ್ಟರು. "ಆಡಿನ ಕಾಲಿನ ಸೂಪು ಕೇಳಿದ್ದೇನೆ. ಹಂದಿಯ ಸೂಪು ಎಂಥದು ಮಾರಾಯ್ರೆ? ಕೊಬ್ಬು ಮೇಲೆ ತೇಲಿ ದೀಪ ಹೊತ್ತಿಸ್ಲಿಕ್ಕೆ ಆದೀತು!" ಎಂದರು. ನಾನು ಚೀನಾದ ನಾಗರಿಕತೆ ಎಷ್ಟು ಹಳೆಯದು ಎಂದು ಎರಡು ಮಾತು ಹೇಳಿದೆ. ಅವರು ಎಲುಬನ್ನು ಬಾಳೆಲೆಯಲ್ಲಿ ಸುತ್ತಿ, ಅದನ್ನು ಪೇಪರಿನಲ್ಲಿ ಸುತ್ತಿ, ಅದನ್ನು ಕಪ್ಪು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಅದನ್ನು ನನ್ನ ಬಟ್ಟೆ ಚೀಲದ ತಳಕ್ಕೆ ಇಳಿಸಿದರು. ಬಸ್ಸಿನಲ್ಲಿ ನಾಲ್ಕು ಬಗೆಯ ಜನ ಇರುವ ಊರಿನಲ್ಲಿ ಹಂದಿ ಹೀಗೆ ನಾಲ್ಕು ಅಂಗಿ ತೊಟ್ಟೇ ಪ್ರಯಾಣ ಮಾಡುವುದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗಬೇಕು. ನಮ್ಮ ತುಳುವರಲ್ಲಿ ಹಂದಿ ತಿನ್ನುವವರಿದ್ದಾರೆ, ತಿನ್ನದವರಿದ್ದಾರೆ, ತಿಂದರೂ ಮನೆಯೊಳಗೆ ಬೇಯಿಸದವರಿದ್ದಾರೆ. ನಾವು ಮೂರನೆಯವರು. ಮನೆಯೊಳಗೆ ನಾವು ನಂಬಿದ ದೈವದ ಮಂಚ ಇರುವುದರಿಂದ ಹಂದಿಯ ಒಲೆ ಹಿತ್ತಿಲಿನಲ್ಲಿ. ಅದಕ್ಕೆಂದೇ ಒಂದು ಮಣ್ಣಿನ ಪಾತ್ರೆ ಕೊಟ್ಟಿಗೆಯ ಅಡ್ಡೆಯ ಮೇಲೆ ಮಗುಚಿ ಕೂತಿರುತ್ತದೆ. ನಮ್ಮ ಹಿತ್ತಿಲು ಮುಗಿಯುವಲ್ಲಿ ದಾಸವಾಳದ ಬೇಲಿ. ಬೇಲಿಯಾಚೆ ಐಸುಮ್ಮನ ಮನೆ, ಅವರ ಅಡುಗೆಮನೆಯ ಕಿಟಕಿ ನಮ್ಮ ಹೊರಗಿನ ಒಲೆಗೆ ನೇರ ಮುಖ. ಬ್ಯಾರಿ ಮುಸಲ್ಮಾನರ ಮನೆ. ಅವರ ಮಗ ಹಂಝ ನನ್ನ ವಾರಿಗೆಯವ, ಈಗ ದುಬಾಯಿಯಲ್ಲಿದ್ದಾನೆ.

ನಾನು ಸಣ್ಣವನಿದ್ದಾಗ ಕೆಲವು ಭಾನುವಾರ ಬೆಳಿಗ್ಗೆ ಅಮ್ಮ ಬೇಲಿಯ ಹತ್ತಿರ ಹೋಗಿ ಕೂಗಿ ಹೇಳುತ್ತಿದ್ದಳು: "ಐಸುಮ್ಮಾ, ಇವತ್ತು ನಮ್ಮಲ್ಲಿ ನೆಂಟರು ಉಂಟು."

"ಆಯ್ತು ಕಮಲಕ್ಕಾ" ಎಂದು ಆಚೆಯಿಂದ ಉತ್ತರ. ಮರುಕ್ಷಣ ಅವರ ಕಿಟಕಿ ಮುಚ್ಚುವ ಸದ್ದು.

ನಾನು ಅಂಗಿ ಬದಲಾಯಿಸಿಕೊಂಡು ಗೇಟಿನ ಬಳಿ ನೆಂಟರಿಗಾಗಿ ಕಾಯುತ್ತಿದ್ದೆ. ನೆಂಟರು ಎಂದರೆ ಬೇಕರಿಯ ಪೊಟ್ಟಣ ಎಂಬುದು ಆಗಿನ ನನ್ನ ತಿಳುವಳಿಕೆ. ಯಾರೂ ಬರುತ್ತಿರಲಿಲ್ಲ. ಹಿತ್ತಿಲಲ್ಲಿ ಹಂದಿ ಬೇಯುತ್ತಿತ್ತು. ಹಂಝ ಆ ದಿನ ಆಟಕ್ಕೆ ಬರುತ್ತಿರಲಿಲ್ಲ. ಮರುದಿನ ಅಮ್ಮ ಹಿತ್ತಿಲು ಸಾರಿಸಿ, ಒಂದು ಚಿಪ್ಪು ಬಾಳೆಹಣ್ಣು ಬೇಲಿಯಾಚೆ ದಾಟಿಸಿದ ಮೇಲೆ ಎಲ್ಲ ಮೊದಲಿನಂತೆ. ಕೆಲವು ಸಲ ಕೂಗು ಆ ಕಡೆಯಿಂದ ಬರುತ್ತಿತ್ತು. "ಕಮಲಕ್ಕಾ, ಇವತ್ತು ನಮ್ಮಲ್ಲಿ ನೆಂಟರು." ಆಗ ಅಮ್ಮ ನಮ್ಮ ಕಿಟಕಿ ಮುಚ್ಚುತ್ತಿದ್ದಳು. ಅವರಲ್ಲಿ ಆ ದಿನ ದನದ ಮಾಂಸ. ಎರಡು ಮನೆಗೂ ಬಾರದ ಈ ನೆಂಟರು ನನ್ನ ಬಾಲ್ಯದ ದೊಡ್ಡ ನಿಗೂಢ. ಅರ್ಥವಾಗುವಷ್ಟು ದೊಡ್ಡವನಾದಾಗ ನಾನು ಹಡಗು ಹತ್ತಿಯಾಗಿತ್ತು. ಅಮ್ಮ ಹೋದ ಮೇಲೆ ಕೂಗಿ ಹೇಳುವ ಕೆಲಸ ವಾರಿಜಳಿಗೆ ಬಂತು. ನಾನು ಒಂದು ದಿನವೂ ಬೇಲಿಯ ಬಳಿ ಹೋದವನಲ್ಲ. ಗಂಡಸರು ತಿನ್ನುವುದು, ಹೆಂಗಸರು ನೆರೆಕರೆ ಉಳಿಸುವುದು ಎಂಬ ವ್ಯವಸ್ಥೆ ನಮ್ಮಲ್ಲಿ ತಾನಾಗಿ ನಡೆದುಕೊಂಡು ಬಂದಿತ್ತು.

ಇನ್ನು ಒಲೆಗೆ ಬರೋಣ. ಮಣ್ಣಿನ ಪಾತ್ರೆಯನ್ನು ಅಡ್ಡೆಯಿಂದ ಇಳಿಸಿ ಮೂಸಿದೆ. ಎರಡು ತಲೆಮಾರಿನ ಮಸಾಲೆ ಕುಡಿದ ಪಾತ್ರೆ, ಖಾಲಿ ಇದ್ದರೂ ಕೊತ್ತಂಬರಿ ಮೆಣಸಿನ ಘಾಟು. ಇದರಲ್ಲಿ ಲಿಮ್ ಅಂಕಲನ ತಿಳಿಸೂಪು ಮಾಡಿದರೆ ಅದು ಬಫಾತೇ ಆದೀತು. ಆಚೀಚೆ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ದಪ್ಪ ತಳದ, ಆಳವಾದ ಅಲ್ಯೂಮಿನಿಯಂ ಪಾತ್ರೆಯೊಂದು ತೊಳೆದು ಮಗುಚಿಟ್ಟದ್ದು ಕಂಡಿತು. ಒಳಗಿನ ಪಾತ್ರೆ ಒಳಗಿರುತ್ತದೆ, ಇದು ಹೊರಗಿದೆ, ಆದ್ದರಿಂದ ಇದು ಹೊರಗಿನ ಪಾತ್ರೆ. ಎಂಥ ತರ್ಕ ನೋಡಿ! ಹಿಡಿ ನೋಡಲಿಲ್ಲ. ನೋಡಿದ್ದರೂ ಕೆಂಪು ಹಸಿರು ಏನಿರಲಿಲ್ಲ, ನಿಜ. ಆದರೆ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರಿತ್ತು. ನನ್ನ ಕನ್ನಡಕ ಒಳಗೆ ಬಿಸ್ಕಿಟ್ ಡಬ್ಬಿಯ ಪಕ್ಕದಲ್ಲಿ ಇತ್ತು.

ಸೂಪು ಚೆನ್ನಾಗಿಯೇ ಆಯಿತು. ಮೊದಲು ಎಲುಬನ್ನು ಕುದಿಸಿ ಆ ನೀರು ಚೆಲ್ಲಿದೆ. ಒಳ್ಳೆಮೆಣಸು ನಮ್ಮದೇ ಬಳ್ಳಿಯದ್ದು, ಚಕ್ಕೆ ನಮ್ಮದೇ ಮರದ್ದು. ಪೊಟ್ಟಣದಲ್ಲಿದ್ದ ಚಕ್ರಮೊಗ್ಗಿನಲ್ಲಿ ನಾಲ್ಕು ಹಾಕಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಹಿತ್ತಿಲೆಲ್ಲ ಹಡಗಿನ ಅಡುಗೆಕೋಣೆಯ ಪರಿಮಳ. ಒಂದು ಬಟ್ಟಲು ಬಗ್ಗಿಸಿ ಪಿಂಗಾಣಿ ಚಮಚದಲ್ಲಿ ಕುಡಿದೆ. ಹೊರಗೆ ಒಳ್ಳೆ ಬಿಸಿಲು, ಬೆವರು ಕಿತ್ತುಕೊಂಡು ಬಂತು. ಚಳಿಯ ಸಮುದ್ರಕ್ಕೆಂದು ಹುಟ್ಟಿದ ಸೂಪನ್ನು ನಮ್ಮ ಮಂಗಲ್ಪಾಡಿಯ ಬಿಸಿಲಿಗೆ ಕುಡಿಯುವವನ ಬುದ್ಧಿಗೆ ಏನು ಹೇಳುವುದು? ಆದರೂ ಎರಡನೇ ಬಟ್ಟಲು ಕುಡಿದೆ. ಲಿಮ್ ಅಂಕಲ್ ನೋಡಿದ್ದರೆ ತಲೆ ಒಂದಿಷ್ಟು ಅಲ್ಲಾಡಿಸುತ್ತಿದ್ದ. ಅದು ಅವನ ಶಹಬ್ಬಾಸ್.

ಸಂಜೆ ವಾರಿಜ ಬಂದಳು. ಹಿತ್ತಿಲಿಗೆ ಹೋದವಳು ಮುಚ್ಚಳ ತೆಗೆದು, "ಇದೆಂತ ಕಷಾಯವಾ?" ಎಂದಳು. ನಾನು ವಿವರಿಸಲು ಶುರು ಮಾಡಿದೆ. ಅವಳು ಕೇಳುತ್ತಿರಲಿಲ್ಲ. ಪಾತ್ರೆಯ ಅಂಚನ್ನು ನೋಡುತ್ತಿದ್ದಳು.

"ಇದರಲ್ಲಿ ಮಾಡಿದಿರಾ?"

"ಹೌದು. ಯಾಕೆ?"

"ಇದು ಐಸುಮ್ಮನ ಪಾತ್ರೆ."

ಅವಳು ಅಲ್ಲೇ ಕಲ್ಲಿನ ಮೇಲೆ ಕೂತಳು. ಮೊನ್ನೆ ಗುರುವಾರ ಅವಳ ಮಹಿಳಾ ಸಂಘದ ಇಪ್ಪತ್ತು ಮಂದಿಗೆ ಪಾಯಸ ಮಾಡಲು ತಂದದ್ದಂತೆ. ನಾಳೆ ಕೊಡಬೇಕು. ಬರುವ ಶುಕ್ರವಾರ ಐಸುಮ್ಮನ ಮೊಮ್ಮಗಳು ಸಫಿಯಾಳನ್ನು ನೋಡಲು ಹುಡುಗನ ಮನೆಯವರು ಬರುವವರು, ಬಿರಿಯಾನಿ ಆಗುವುದು ಈ ಪಾತ್ರೆಯಲ್ಲೇ. ಐಸುಮ್ಮ ಮದುವೆಯಾಗಿ ಬರುವಾಗ ಅವರ ಉಮ್ಮ ಕೊಟ್ಟ ಪಾತ್ರೆ. ಆ ಮನೆಯ ಎಲ್ಲ ಶುಭಕಾರ್ಯ ಅದರಲ್ಲೇ ಬೆಂದದ್ದು. ನಮ್ಮ ಮನೆಯದ್ದೂ ಹೌದು. ನನ್ನ ಮದುವೆಯ ಪಾಯಸ ಅದರಲ್ಲಿ ಆಗಿತ್ತು ಎಂದು ವಾರಿಜ ನೆನಪು ಮಾಡಿದಳು. ಆ ಪಾಯಸ ಅಡಿ ಹಿಡಿದಿತ್ತು ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

"ಹುಳಿ ಹಾಕಿ ಬೂದಿ ಹಾಕಿ ಚೆನ್ನಾಗಿ ತಿಕ್ಕಿ ಕೊಟ್ಟರೆ..." ಎಂದೆ ಮೆಲ್ಲ.

"ಗೊತ್ತಿಲ್ಲದ ಹಾಗೆ ಆ ಮನೆಯವರ ಬಾಯಿಗೆ ಹಾಕುವುದಾ? ನನ್ನಿಂದ ಆಗುವುದಿಲ್ಲ."

"ಹಾಗಾದರೆ ಹೊಸತು ತಂದುಕೊಟ್ಟು, ಹಳತು ತೂತಾಯಿತು ಅಂತ..."

"ಸುಳ್ಳು ಹೇಳುವುದಾದರೆ ನೀವೇ ಹೋಗಿ ಹೇಳಿ. ನನ್ನ ಹೆಸರು ತರಬೇಡಿ. ನಾಳೆ ಅವರ ಮುಖ ನಾನು ನೋಡಬೇಕು" ಎಂದು ಒಳಗೆ ಹೋದಳು. ರಾತ್ರಿ ಊಟಕ್ಕೆ ಬಡಿಸಿದ್ದು ನಾನು ಉಣ್ಣದೆ ಉಳಿಸಿದ್ದ ಮಧ್ಯಾಹ್ನದ ಅದೇ ಮೀನಿನ ಸಾರು.

ಸೋಮವಾರ ಉಪ್ಪಳದ ಪೇಟೆಯಲ್ಲಿ ಅರ್ಧ ದಿನ ಪಾತ್ರೆ ಹುಡುಕಿದೆ. ಈಗಿನ ಪಾತ್ರೆಗಳು ಹೊಳೆಯುತ್ತವೆ, ಬೆರಳಿನಲ್ಲಿ ಒತ್ತಿದರೆ ತಗ್ಗುತ್ತವೆ. ಕೊನೆಗೆ ಸಿಕ್ಕಿದವುಗಳಲ್ಲಿ ದಪ್ಪದ್ದನ್ನು ಹೊತ್ತುಕೊಂಡು ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಬಂದೆ. ಅರುವತ್ತು ಹತ್ತಿರವಾದವನು ಶಾಲೆಗೆ ಚಕ್ಕರ್ ಹೊಡೆದ ಹುಡುಗನ ಹಾಗೆ ನಡೆಯುತ್ತಿದ್ದೆ.

ಐಸುಮ್ಮ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎಂಬತ್ತು ದಾಟಿದವರು, ಕಣ್ಣು ಮಾತ್ರ ಚುರುಕು.

"ಎಂತ ಸದಾ, ಹೊಸ ಪಾತ್ರೆ?"

"ಅದು ಐಸುಮ್ಮಾ, ನಿಮ್ಮ ಪಾತ್ರೆ ಸ್ವಲ್ಪ ತೂತಾಯಿತು. ಹಾಗೆ ಇದು ತಂದೆ."

"ತೂತಾದರೆ ಎಂತ ಆಯಿತು? ಬೆಸುಗೆ ಹಾಕುವವ ಉಂಟಲ್ಲ. ಎರಡು ಸಲ ಹಾಕಿಸಿದ್ದೇನೆ. ನನ್ನ ಪಾತ್ರೆ ತಾ ಮೋನೆ."

ಅವರು ನನ್ನನ್ನು ಮೊದಲಿನಿಂದಲೂ ಹೀಗೆ ಮಗನೇ ಎಂದೇ ಕರೆಯುವುದು. ಬೆಸುಗೆಯವನ ವಿಚಾರ ನನ್ನ ಬಾಯಿಪಾಠದಲ್ಲಿ ಇರಲಿಲ್ಲ. ನಿಂತೆ. ಅವರು ಬೆಳ್ಳುಳ್ಳಿ ಬಿಟ್ಟು ನನ್ನ ಮುಖ ನೋಡಿದರು. ಈ ಹೆಂಗಸು ನಾನು ಚಡ್ಡಿ ಹಾಕಲು ಕಲಿಯುವ ಮೊದಲೇ ನನ್ನನ್ನು ನೋಡಿದವರು. ಹೇಳಿಬಿಟ್ಟೆ. ಹಂದಿ ಎಂಬ ಶಬ್ದ ಆ ಜಗಲಿಯಲ್ಲಿ ಹೇಳುವಾಗ ಹೊತ್ತ ಪಾತ್ರೆಯನ್ನು ಕೆಳಗಿಟ್ಟೆ. ಗೊತ್ತಿಲ್ಲದೆ ಆದದ್ದು ಎಂದೆ. ಹಡಗಿನಲ್ಲಿ ಒಂದು ದಿನವೂ ಹೀಗೆ ಮಾಡಿದವನಲ್ಲ ಎಂದೂ ಹೇಳಿದೆ, ಅದು ಯಾರಿಗೂ ಬೇಡವಾದ ಮಾತು.

ಅವರು ಬೆಳ್ಳುಳ್ಳಿ ಸಿಪ್ಪೆಯನ್ನು ಒಟ್ಟು ಮಾಡಿದರು. ಇನ್ನು ಈ ಮನೆಯ ಗೇಟು ನನಗೆ ಮುಚ್ಚಿತು ಎಂದುಕೊಂಡೆ. ಹಾಗೆ ಮುಚ್ಚಿದರೆ ನನಗೆ ಎಷ್ಟು ನೋವಾಗಬಹುದು ಎಂದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ.

"ನಿನ್ನೆ ಹೊಗೆ ನೋಡಿದೆ. ಸ್ನಾನದ ನೀರಿಗೆ ಅಂತ ಎಣಿಸಿದೆ" ಎಂದರು ಕೊನೆಗೆ. "ಕಿಟಕಿ ತೆರೆದೇ ಇತ್ತು. ಒಳ್ಳೆ ಪರಿಮಳ ಬಂತು. ವಾರಿಜ ಎಂತದೋ ಒಳ್ಳೆ ಬಿರಿಯಾನಿ ಮಾಡ್ತಾಳೆ ಅಂತ ಸಫಿಯಾನ ಹತ್ತಿರ ಹೇಳಿದೆ ನಾನು! ತೌಬಾ, ತೌಬಾ." ಸೆರಗು ಬಾಯಿಗೆ ಒತ್ತಿಕೊಂಡರು. ಅಳುವೋ ನಗುವೋ ತಿಳಿಯಲಿಲ್ಲ. ಸೆರಗು ತೆಗೆದಾಗ ಎರಡೂ ಇರಲಿಲ್ಲ.

"ನಿನ್ನ ಅಮ್ಮ ಐವತ್ತು ವರ್ಷದಲ್ಲಿ ಒಂದು ಸಲವೂ ಹೇಳದೆ ಒಲೆ ಹೊತ್ತಿಸಿದವಳಲ್ಲ. ಪಾತ್ರೆಯದ್ದು ಬಿಡು, ಅದು ಗೊತ್ತಿಲ್ಲದೆ ಆಯಿತು. ಒಂದು ಮಾತು ಕೂಗಿ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು ಮೋನೆ?"

ಪಾತ್ರೆ ತಪ್ಪಿದ್ದನ್ನು ಕನ್ನಡಕದ ತಲೆಗೆ ಕಟ್ಟಬಹುದು. ಕೂಗದೆ ಇದ್ದದ್ದನ್ನು ಯಾರ ತಲೆಗೆ ಕಟ್ಟುವುದು?

"ಹೋಗು, ಪಾತ್ರೆ ತಾ" ಎಂದರು.

ತಂದೆ. ನನ್ನನ್ನು ಅವರ ಬಾವಿಕಟ್ಟೆಯ ಪಕ್ಕ ಕೂರಿಸಿದರು. ಹಂದಿ ತಾಗಿದ್ದನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ, ಆಗ ಅದು ಶುದ್ಧ ಎಂದು ಅವರ ಧರ್ಮದಲ್ಲಿ ಇದೆಯಂತೆ. "ಮದ್ರಸದಲ್ಲಿ ಕಲಿತದ್ದು. ಎಪ್ಪತ್ತು ವರ್ಷ ಆಯಿತು, ಇವತ್ತಿಗೆ ಉಪಯೋಗ ಬಂತು" ಎಂದರು. ಮೊದಲು ಬೂದಿ ಹಾಕಿಸಿ ಜಿಡ್ಡು ತೆಗೆಸಿದರು. ಅದು ಲೆಕ್ಕಕ್ಕಿಲ್ಲವಂತೆ. ಆಮೇಲೆ ಬಾವಿಕಟ್ಟೆಗೆ ಒರಗಿ ನಿಂತು, ಬೆರಳು ಮಡಚಿ ಎಣಿಸಿದರು. ತೆಂಗಿನ ಬುಡದ ಒಳ್ಳೆ ಮಣ್ಣು ತರಿಸಿ ಮೊದಲನೆಯದು ಮಣ್ಣಿನಲ್ಲಿ. ನಾನು ನೀರು ಸೇದುವುದು, ಪಾತ್ರೆಯ ಒಳಗೂ ಹೊರಗೂ ಹರಿಸುವುದು, ಚೆಲ್ಲುವುದು. ನಾಲ್ಕಾಗುವಾಗ ಸೊಂಟ ಹಿಡಿಯಿತು. ಇಪ್ಪತ್ತೆರಡು ವರ್ಷ ಪಾತ್ರೆ ತೊಳೆದವನು ಒಂದೇ ಪಾತ್ರೆಯನ್ನು ಇಷ್ಟು ಹೊತ್ತು ತೊಳೆದದ್ದಿಲ್ಲ. "ಐದಾಯಿತಾ?" ಎಂದು ಕೇಳಿದೆ. "ನಾಲ್ಕು" ಎಂದರು. ಸಫಿಯಾ ಅಡುಗೆಮನೆಯ ಕಿಟಕಿಯಿಂದ ನೋಡಿ ನಗುತ್ತಿದ್ದಳು.

ಏಳು ಮುಗಿದ ಮೇಲೆ ಪಾತ್ರೆಯನ್ನು ಅವರ ಕೈಗೆ ಕೊಟ್ಟೆ. ಅವರು ಒಳಗೆ ನೋಡಿ, "ಖಾಲಿ ಕೊಡುವುದಾ?" ಎಂದರು.

ನಮ್ಮಲ್ಲಿ ಸಾಲ ತಂದ ಪಾತ್ರೆಯನ್ನು ಖಾಲಿ ಹಿಂದೆ ಕೊಡುವುದಿಲ್ಲ. ಒಂದು ಬಾಳೆಹಣ್ಣೋ, ಒಂದು ತುಂಡು ಬೆಲ್ಲವೋ, ಏನಾದರೊಂದು ತಳದಲ್ಲಿ ಇರಬೇಕು. ಓಡಿಹೋಗಿ ಅಡುಗೆಮನೆಯಲ್ಲಿ ಕಣ್ಣಾಡಿಸಿದೆ. ವಾರಿಜ ಇರಲಿಲ್ಲ, ಬಾಳೆಹಣ್ಣೂ ಇರಲಿಲ್ಲ. ಕಂಡದ್ದು ಬಿಸ್ಕಿಟ್ ಡಬ್ಬಿ. ಈ ಸಲ ಕನ್ನಡಕ ಹಾಕಿಕೊಂಡೇ ಪೊಟ್ಟಣ ಬಿಚ್ಚಿದೆ. ಉಳಿದ ಚಕ್ರಮೊಗ್ಗನ್ನೆಲ್ಲ ತಂದು ಪಾತ್ರೆಯ ತಳಕ್ಕೆ ಸುರಿದೆ. ಐಸುಮ್ಮ ಒಂದನ್ನು ಎತ್ತಿ ಮೂಸಿದರು.

"ನಿನ್ನೆಯ ಪರಿಮಳ ಇದೇ ಅಲ್ವಾ?"

"ಹೌದು."

"ಇದು ಹಂದಿಯದ್ದಲ್ಲವಲ್ಲ. ಇದು ಮರದ್ದು" ಎಂದು ಪೊರಕೆ ಹಿಡಿದು ಬಾವಿಕಟ್ಟೆ ಗುಡಿಸಲು ಹೋದರು. ನಾನು ತಂದ ಹೊಸ ಪಾತ್ರೆಯನ್ನು ವಾಪಸು ತೆಗೆದುಕೊಂಡು ಹೋಗಲು ಹೇಳಿದರು.

ಶುಕ್ರವಾರದವರೆಗಿನ ಮೂರು ದಿನ ನಾನು ಏನು ಮಾಡಿದೆ ಎಂದು ಕೇಳಿದರೆ, ಏನೂ ಮಾಡಲಿಲ್ಲ. ಡಬ್ಬಿ ಕೂಡ ಮುಟ್ಟಲಿಲ್ಲ. ತಲೆಯಲ್ಲಿ ಒಂದೇ ಪ್ರಶ್ನೆ. ಧರ್ಮದ ಲೆಕ್ಕದಲ್ಲಿ ಪಾತ್ರೆ ಶುದ್ಧವಾಗಿದೆ. ಮನಸ್ಸಿನ ಲೆಕ್ಕದಲ್ಲಿ? ಮೊಮ್ಮಗಳನ್ನು ನೋಡಲು ಬರುವ ದಿನ, ಗೊತ್ತಿದ್ದೂ ಗೊತ್ತಿದ್ದೂ, ಅವರು ಅದನ್ನು ಒಲೆಗೆ ಇಡುತ್ತಾರಾ? ಇಡದಿದ್ದರೆ ನಾನು ಕೇಳುವ ಹಾಗಿಲ್ಲ. ಅವರು ಹೇಳುವವರೂ ಅಲ್ಲ. ಬಾಳೆಹಣ್ಣು ಬೇಲಿ ದಾಟುತ್ತದೆ, ಮಾತು ದಾಟುತ್ತದೆ, ಪಾತ್ರೆ ಮಾತ್ರ ಇನ್ನು ದಾಟುವುದಿಲ್ಲ.

ಶುಕ್ರವಾರ ಬೆಳಿಗ್ಗೆ ದಾಸವಾಳ ಕೊಯ್ಯುವ ನೆಪದಲ್ಲಿ ಬೇಲಿಯ ಹತ್ತಿರ ನಿಂತೆ. ಪೂಜೆ ಮಾಡುವ ಅಭ್ಯಾಸ ನನಗಿಲ್ಲ, ಅದು ಎಲ್ಲರಿಗೂ ಗೊತ್ತು. ಅವರ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಹೂಡಿದ್ದರು. ಅದರ ಮೇಲೆ ಕಪ್ಪು ಹೊಗೆಯ ಕಲೆಗಳ, ದಪ್ಪ ತಳದ, ಅಂಚಿನಲ್ಲಿ ಚುಕ್ಕಿಯ ಹೆಸರಿನ ಅದೇ ಪಾತ್ರೆ. ಸಫಿಯಾ ತುಪ್ಪಕ್ಕೆ ಚಕ್ಕೆ ಲವಂಗ ಹಾಕುತ್ತಿದ್ದಳು. ಐಸುಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಚಕ್ರಮೊಗ್ಗನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದರು. ನನ್ನ ಕಣ್ಣು ತುಂಬಿತು. ಹೊಗೆಗೆ ಎಂದು ಬರೆಯಬಹುದಿತ್ತು, ಆದರೆ ಗಾಳಿ ಆ ಕಡೆಗೆ ಬೀಸುತ್ತಿತ್ತು.

"ಸದಾ, ಇವತ್ತು ನಮ್ಮಲ್ಲಿ ನೆಂಟರು ಉಂಟು!" ಎಂದು ಕೂಗಿದರು.

ಅಮ್ಮನ ಮಗನಲ್ಲವೇ, ಕಾಲು ತಾನಾಗಿ ನಮ್ಮ ಕಿಟಕಿಯ ಕಡೆಗೆ ತಿರುಗಿತು.

"ಕಿಟಕಿ ಮುಚ್ಚಬೇಡ ಮಾರಾಯಾ, ಕೋಳಿ! ನಿಜದ ನೆಂಟರು. ವಾರಿಜನನ್ನು ಕರ್ಕೊಂಡು ಮಧ್ಯಾಹ್ನ ಬಾ."

ಹೋದೆವು. ಹುಡುಗನ ಕಡೆಯವರು ಬಿರಿಯಾನಿ ಎರಡು ಸಲ ಹಾಕಿಸಿಕೊಂಡರು. ಐಸುಮ್ಮನೂ ಒಂದು ತಟ್ಟೆ ಹಾಕಿಸಿಕೊಂಡು, ನನ್ನ ಎದುರೇ ಕೂತು, ಕೊನೆಯ ಅಗುಳಿನ ತನಕ ಉಂಡರು.

ಉಪ್ಪಳದಿಂದ ತಂದ ಹೊಸ ಪಾತ್ರೆಯ ಎರಡು ಹಿಡಿಗೂ ಈಗ ನಾನು ಕೆಂಪು ಬಣ್ಣ ಬಳಿದಿದ್ದೇನೆ. ಅದು ಕೊಟ್ಟಿಗೆಯ ಅಡ್ಡೆಯ ಮೇಲೆ, ಮಣ್ಣಿನ ಪಾತ್ರೆಯ ಪಕ್ಕದಲ್ಲಿ ಇರುತ್ತದೆ. ಹೋದ ಭಾನುವಾರ ಲಾರೆನ್ಸ್ ಪೊರ್ಬುಗಳಿಂದ ಪಕ್ಕೆಲುಬು ತಂದೆ. ವಾರಿಜ ಮನೆಯಲ್ಲೇ ಇದ್ದಳು. ಎಂದಿನಂತೆ ಬೇಲಿಯ ಕಡೆಗೆ ಹೊರಟವಳನ್ನು ತಡೆದು ನಾನೇ ಹೋದೆ. ಹಡಗಿನಲ್ಲಿ ಗಾಳಿಗೆದುರಾಗಿ ಕೂಗಿ ಅಭ್ಯಾಸವಿದ್ದವನು ದಾಸವಾಳದ ಗೆಲ್ಲು ಸರಿಸಿ, ಅಮ್ಮನ ಹಾಗೆ ಕೂಗಿದೆ.

"ಐಸುಮ್ಮಾ, ಇವತ್ತು ನಮ್ಮಲ್ಲಿ ನೆಂಟರು ಉಂಟು."

"ಆಯ್ತು ಮೋನೆ" ಎಂದು ಆಚೆಯಿಂದ ಉತ್ತರ ಬಂತು. ಆಮೇಲೆ ಅವರ ಕಿಟಕಿ ಮುಚ್ಚುವ ಸದ್ದು.